ಎಡಗಡೆ ಸೀಟಿನವರು

ಮನುಷ್ಯನು ಈ ಭೂಮಿಯ ಮೇಲೆ ಎಂದೂ ಒಬ್ಬಂಟಿಯಲ್ಲ, ಅವನ ಮಗ್ಗುಲಲ್ಲಿ ಸದಾ ಯಾರೋ ಒಬ್ಬರು ಅಗೋಚರವಾಗಿ ಕುಳಿತೇ ಇರುತ್ತಾರೆ ಎಂದು ದೊಡ್ಡವರು ಹೇಳುತ್ತಾರೆ. ದೊಡ್ಡವರಿಗೆ ಇದು ತಪಸ್ಸಿನಿಂದ ತಿಳಿಯಿತು. ನನಗೆ ತಿಳಿದದ್ದು ಕಾರಿನಿಂದ, ಅದೂ ವಾರಂಟಿ ಅವಧಿಯೊಳಗೆ.

ಇವತ್ತು ಬೆಳಿಗ್ಗೆ ಕಾರು ಒರೆಸುವಾಗ ಎಡಗಡೆ ಸೀಟಿನ ಕೆಳಗೆ, ಸೀಟು ಹಿಂದೆಮುಂದೆ ಸರಿಯುವ ಹಳಿಯ ಸಂದಿಯಲ್ಲಿ ಒಂದು ಅಕ್ಕಿಕಾಳು ಸಿಕ್ಕಿತು. ಅರಿಶಿನ ಹತ್ತಿದ ಕಾಳು. ಅಂಗೈಯಲ್ಲಿಟ್ಟುಕೊಂಡು ಕಟ್ಟೆಯ ಮೇಲೆ ಕೂತವನು ಚಹಾ ಆರಿಹೋದದ್ದನ್ನೂ ನೋಡಲಿಲ್ಲ. "ಏನ್ ಹಿಡಕೊಂಡು ಕುಂತೀರಿ ಅಲ್ಲೆ?" ಎನ್ನುತ್ತ ನನ್ನ ಹೆಂಡತಿ ಗಿರಿಜಾ ಹೊರಗೆ ಬಂದಳು. ತೋರಿಸಿದೆ. ಕಾಳನ್ನು ಎತ್ತಿಕೊಂಡು ಒಳಗೆ ಹೋಗಿ ಅಕ್ಕಿ ಡಬ್ಬಿಯೊಳಗೆ ಹಾಕಿದಳು. ಮುಚ್ಚಳ ಹಾಕಿದ ಸಪ್ಪಳ ಕೇಳಿಸಿತು.

ನಾನು ಸವಣೂರಿನ ವಕೀಲ. ಬಾಂದುಗಲ್ಲು, ಹೊಲದ ಹಾದಿ, ಅಣ್ಣತಮ್ಮಂದಿರ ಪಾಲು, ಇವುಗಳ ನಡುವೆ ತಲೆ ಬೆಳ್ಳಗಾದದ್ದು. ಕಣ್ಣಿಗೆ ಕಂಡದ್ದನ್ನೂ ಸಾಕ್ಷಿ ಇಲ್ಲದೆ ನಂಬಬಾರದು ಎಂಬುದು ನಮ್ಮ ಕಸುಬಿನ ಮೊದಲ ಪಾಠ. ಇಂಥವನು ಸಂಜೆಯ ವಯಸ್ಸಿನಲ್ಲಿ ಸ್ಕೂಟರು ಬಿಟ್ಟು ಕಾರು ಕೊಂಡಾಗ ಊರಿನವರು ನಾನಾ ಕಾರಣ ಹೇಳಿದರು. ಹತ್ತಿಮತ್ತೂರಿನ ನನ್ನ ಕಕ್ಷಿದಾರನೊಬ್ಬ, ತನ್ನ ದಾವೆ ಮುಗಿಯದಿರುವುದಕ್ಕೂ ನನ್ನ ಕಾರಿಗೂ ಸಂಬಂಧ ಕಲ್ಪಿಸಿ ಚಹಾದಂಗಡಿಯಲ್ಲಿ ಮಾತಾಡಿದನಂತೆ. ನಿಜವಾದ ಕಾರಣ ಒಂದೇ. ನನ್ನ ಅಕ್ಕ.

ನೀಲಕ್ಕ ನನಗಿಂತ ಬಹಳ ದೊಡ್ಡವಳು; ನನ್ನನ್ನು ಟೊಂಕದ ಮೇಲೆ ಹೊತ್ತು ಊರೆಲ್ಲ ತಿರುಗಿದವಳು. ಅವಳನ್ನು ಹಿರೇಕೆರೂರಿಗೆ ಕೊಟ್ಟಿದ್ದೆವು. ಅಲ್ಲಿ ಮಕ್ಕಳು, ಸೊಸೆಯರು, ಮೊಮ್ಮಕ್ಕಳ ಮೇಲೆ ದರಬಾರು ಮಾಡಿಕೊಂಡಿದ್ದಳು. ನಮ್ಮ ಕಡೆ ಪಂಚಮಿ ಅಂದರೆ ಹೆಣ್ಣುಮಕ್ಕಳು ತವರಿಗೆ ಬರುವ ಹಬ್ಬ. ಬರಬೇಕಾದರೆ ಅಣ್ಣನೋ ತಮ್ಮನೋ ಹೋಗಿ ಕರೆದು ತರಬೇಕು. ತಾವಾಗಿ ಬಂದರೆ ಬಂದ ಲೆಕ್ಕವಲ್ಲ. ಮಾವ, ಅಂದರೆ ಅಕ್ಕನ ಗಂಡ, ತೀರಿಕೊಂಡ ಮೇಲೆ ಅವಳು ಬರುವುದು ನಿಂತಿತ್ತು. ಆಮೇಲೆ ಎದೆಯ ಬೇನೆ ಶುರುವಾಯಿತು, ಡಾಕ್ಟರು ಬಸ್ಸಿನ ಕುಲುಕಾಟ ಕೂಡದು ಎಂದರು. ಮಕ್ಕಳು ಗಾಡಿ ಮಾಡಿ ಕಳಿಸುತ್ತೇವೆಂದರೆ ಒಪ್ಪಲಿಲ್ಲ. ಒಂದು ದಿನ ನನಗೇ ಫೋನು ಮಾಡಿದಳು.

"ಒಂದ ಪಂಚಮಿ ತವರಮನ್ಯಾಗ ಮಾಡಬೇಕೋ. ತಮ್ಮ ಅನ್ನಿಸಿಕೊಂಡಾಂವ ಕರ್ಯಾಕ ಬಂದ್ರ ಬರ್ತೇನಿ. ಇಲ್ಲಾಂದ್ರ ಹಿಂಗ ಇಲ್ಲಿಂದ ಇಲ್ಲೇ ಮ್ಯಾಲಕ್ಕ ಹೋಕ್ಕೇನಿ."

ನೋಟೀಸು ಎಂದರೆ ಹೀಗಿರಬೇಕು. ಬೇಡಿಕೆ ಸ್ಪಷ್ಟ, ತಪ್ಪಿದರೆ ಆಗುವ ಪರಿಣಾಮವೂ ಸ್ಪಷ್ಟ. ಯುಗಾದಿಗೆ ಕಾರು ಮನೆ ಮುಂದೆ ನಿಂತಿತು.

ಅಕ್ಕನಿಗೆ ಹಿಂದಿನ ಸೀಟಿನಲ್ಲಿ ಕೂತರೆ ಹೊಟ್ಟೆ ತೊಳಸುತ್ತದೆ. ಮುಂದಿನ ಎಡಗಡೆ ಸೀಟು ಮಾತ್ರ ಬೇಕಾದಷ್ಟು ಹಿಂದಕ್ಕೆ ವಾಲುವಂಥದು, ಒರಗಿಕೊಂಡು ಬರಬಹುದು. ಅಂಗಡಿಯಲ್ಲಿ ಬೇರೆಯವರು ಎಂಜಿನ್ನು, ಮೈಲೇಜು ಅಂತ ಕೇಳುತ್ತಿದ್ದರೆ ನಾನು ಆ ಸೀಟಿನಲ್ಲಿ ಕೂತು, ಒರಗಿ, ಕಣ್ಣು ಮುಚ್ಚಿ, ಎದೆನೋವಿನ ಮುದುಕಿಯಂತೆ ನರಳಿ ಪರೀಕ್ಷಿಸಿದ್ದೆ. ನಾನು ಕೊಂಡದ್ದು ಆ ಒಂದು ಸೀಟು. ಉಳಿದ ಕಾರು ಅದರ ಸಂಗಡ ಬಂತು ಎಂದರೂ ನಡೆಯುತ್ತದೆ. ಕೆಟ್ಟದ್ದೂ ಅದೇ.

ಮೊದಲ ದೂರದ ಪ್ರಯಾಣ ಹಿರೇಕೆರೂರಿಗೆ, ಅಕ್ಕನಿಗೆ ತೋರಿಸಲು. ಗಿರಿಜಾ ಅವತ್ತು ಯಾವುದೋ ಮದುವೆಗೆ ಹೋಗಿದ್ದಳು, ನಾನೊಬ್ಬನೇ ಹೋದೆ. ಅಕ್ಕ ಕೋಲು ಊರಿಕೊಂಡು ಕಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿದಳು. ಬಾನೆಟ್ಟಿನ ಮೇಲೆ ಬೆರಳ ಗಂಟಿನಿಂದ ಕುಟ್ಟಿದಳು.

"ಚಲೋ ಆತು. ಹೊಸಾ ಸೊಸಿ ನಿಂತಂಗ ತಲಿ ತಗ್ಗಿಸಿಕೊಂಡು ನಿಂತೈತಿ. ನಾ ಎಲ್ಲೆ ಕುಂಡ್ರಬೇಕು?"

ಎಡಗಡೆ ಬಾಗಿಲು ತೆರೆದು ಸೀಟು ತೋರಿಸಿದೆ. ಕೈಯಾಡಿಸಿದಳು, ಕೂರಲಿಲ್ಲ. "ಈಗ ಬ್ಯಾಡ, ಕರ್ಯಾಕ ಬಂದಾಗ ಕುಂಡ್ರತೇನಿ" ಎಂದಳು. ನನ್ನನ್ನು ಒಳಗೆ ಉಪ್ಪಿಟ್ಟಿನ ಮುಂದೆ ಕೂರಿಸಿ, ಇನ್ನೊಮ್ಮೆ ನೋಡಿ ಬರುತ್ತೇನೆಂದು ಹೊರಗೆ ಹೋದವಳು ಬಹಳ ಹೊತ್ತು ಬರಲಿಲ್ಲ. ಬಂದಾಗ ಸೆರಗಿನಿಂದ ಕೈ ಒರೆಸಿಕೊಳ್ಳುತ್ತಿದ್ದಳು.

"ಪಂಚಮಿಗೆ ಬರ್ತೀ ಹೌದಿಲ್ಲೋ?"

"ಬಂದೆ ಅಂತ ತಿಳಿ ಅಕ್ಕಾ."

"ಬಂದೆ ಅನಬ್ಯಾಡ. ಬಂದೆ ಅಂದಾವ್ರು ಯಾರೂ ಬಂದಿಲ್ಲ. ಬರ್ತೇನಿ ಅನ್ನು."

"ಬರ್ತೇನಿ" ಎಂದೆ.

ಹಾನಗಲ್ಲು ದಾಟಿದ ಮೇಲೆ ಅದು ಶುರುವಾಯಿತು. ಮಟಮಟ ಮಧ್ಯಾಹ್ನ. ರಸ್ತೆಯ ಎರಡೂ ಕಡೆ ಕೊಯ್ದು ಬಿಟ್ಟ ಭತ್ತದ ಗದ್ದೆ, ಮನುಷ್ಯರ ಸುಳಿವಿಲ್ಲ, ನೆರಳುಗಳೆಲ್ಲ ತಮ್ಮ ತಮ್ಮ ಮರಗಳ ಬುಡಕ್ಕೆ ಹೋಗಿ ಕೂತಿದ್ದವು. ಟಿಣ್. ಟಿಣ್. ಟಿಣ್. ನನ್ನ ಎದುರಿನ ಫಲಕದಲ್ಲಿ ಪುಟ್ಟದೊಂದು ಕೆಂಪು ಚಿತ್ರ ಬೆಳಗಿತು: ಕುಳಿತಿರುವ ಒಬ್ಬ ಮನುಷ್ಯ, ಎದೆಗೆ ಅಡ್ಡಲಾಗಿ ಒಂದು ಪಟ್ಟಿ. ಎಡಗಡೆ ಸೀಟಿನಲ್ಲಿ ಕೂತವರು ಬೆಲ್ಟು ಹಾಕಿಕೊಂಡಿಲ್ಲ ಎಂದು ಅದರ ಅರ್ಥ. ನಾನು ಎಡಕ್ಕೆ ನೋಡಿದೆ. ಕೂತವರಿರಲಿಲ್ಲ.

ಗಾಡಿ ನಿಲ್ಲಿಸಿ ಸೀಟಿನ ಮೇಲೆ ಕೈಯಿಟ್ಟೆ. ಬೆಚ್ಚಗಿತ್ತು. ಬಿಸಿಲಿಗೆ, ಎಂದು ಆ ಕ್ಷಣವೇ ತೀರ್ಪು ಕೊಟ್ಟೆ. ಆಮೇಲೆ ನೋಡಿದರೆ ಬಿಸಿಲು ನನ್ನ ಮಗ್ಗುಲಿಗಿತ್ತು.

ಒದರುವುದು ನಿಲ್ಲಲಿಲ್ಲ. ಕೊನೆಗೆ ಆ ಖಾಲಿ ಸೀಟಿಗೆ ನಾನೇ ಬೆಲ್ಟು ಎಳೆದು ಕೊಂಡಿ ಹಾಕಿದೆ. ಸುಮ್ಮನಾಯಿತು. ಅದೇ ಬೆಲ್ಟು ಒದರುವುದಕ್ಕಿಂತ ಹೆಚ್ಚು ತೊಂದರೆ ಕೊಟ್ಟಿತು. ಯಾರೂ ಇಲ್ಲದ ಸೀಟಿನ ಮೇಲೆ ಅದು ಚಪ್ಪಟೆಯಾಗಿ ಬಿದ್ದಿರಬೇಕಲ್ಲ. ನಡುವೆ ತುಸು ಉಬ್ಬಿಕೊಂಡಿತ್ತು. ಮತ್ತೆ ಆ ಕಡೆ ನೋಡದೆ ಬಂಕಾಪುರ ಮುಟ್ಟಿದೆ.

ಬಂಕಾಪುರದಲ್ಲಿ ಚಹಾಕ್ಕೆ ನಿಂತೆ. ಕೋಟೆಯೊಳಗೆ ನವಿಲುಗಳು ಕೂಗುತ್ತಿದ್ದವು. ನವಿಲಿನ ಅಂದದ ಬಗ್ಗೆ ಬರೆಯುವವರು ಅದರ ಕೂಗನ್ನು ಮಧ್ಯಾಹ್ನ ಒಂಟಿಯಾಗಿ ಕೂತು ಕೇಳಿರುವುದಿಲ್ಲ. ಅಂಗಡಿಯವನು ಎರಡು ಗ್ಲಾಸು ತಂದಿಟ್ಟ.

"ಒಂದ ಹೇಳಿದ್ನಲ್ಲಪಾ."

"ಅವರಿಗೆ ಬ್ಯಾಡೇನ್ರಿ?"

"ಯಾರಿಗೆ?"

ಅವನು ಕಾರಿನ ಕಡೆ ನೋಡಿದ, ನನ್ನ ಕಡೆ ನೋಡಿದ. "ಹೋಗ್ಲಿ ಬಿಡ್ರಿ" ಎಂದು ಎರಡನೇ ಗ್ಲಾಸನ್ನು ಬೆಂಚಿನ ಮೇಲೆಯೇ ಬಿಟ್ಟ. ಕೊಂಡಿ ಹಾಕಿದ ಬೆಲ್ಟು ಕಂಡು ಊಹಿಸಿದ್ದಾನೆ ಎಂದು ನಾನು ವಾದಿಸಬಲ್ಲೆ, ಎದುರು ವಕೀಲನೂ ಒಪ್ಪುತ್ತಾನೆ. ಆದರೆ ಹೊರಡುವಾಗ ಅವನು ದನಿ ತಗ್ಗಿಸಿ ಕೇಳಿದ: "ಅವ್ವಾರಿಗೆ ಮೈಯಾಗ ಆರಾಮಿಲ್ಲೇನ್ರಿ?"

ಬೆಲ್ಟು ಕಂಡು ಮನುಷ್ಯರನ್ನು ಊಹಿಸಬಹುದು. ಅವ್ವಾರನ್ನು ಊಹಿಸುವುದು ಹೇಗೆ?

ಮನೆಯಲ್ಲಿ ಈ ಭಾಗವನ್ನು ಬಿಟ್ಟು ಉಳಿದದ್ದನ್ನು ಹೇಳಿದೆ. ಅಷ್ಟಕ್ಕೇ ಗಿರಿಜಾ ಅವತ್ತಿನಿಂದ ಹಿಂದಿನ ಸೀಟು ಹಿಡಿದಳು. ನಾನು ಮುಂದೆ, ಅವಳು ಹಿಂದೆ, ನಡುವೆ ಆ ಖಾಲಿ ಸೀಟು. ಸವಣೂರಿನ ಪೇಟೆಯಲ್ಲಿ ಜನ ನನ್ನನ್ನು ಬಾಡಿಗೆ ಡ್ರೈವರನಂತೆ ನೋಡತೊಡಗಿದರು. "ಬೆಲ್ಟ ಮಾತ್ರ ಕಟ್ಟಬ್ಯಾಡ್ರಿ" ಎಂದು ಅವಳ ತಾಕೀತು. "ಒದರಿದ್ರ ಒದರ್ಲಿ. ಖಾಲಿ ಸೀಟಿಗೆ ನಾವ ಬೆಲ್ಟ ಕಟ್ಟೋದಂದ್ರ, ಕುಂಡ್ರಿ, ಆರಾಮ ಇರ್ರಿ ಅಂತ ಹೇಳಿದಂಗ."

ಖಾಲಿ ಜಾಗದಲ್ಲಿ ಕೂರುವವರ ವಿಷಯ ನನಗೆ ತೀರ ಹೊಸದೇನಲ್ಲ. ನಾನು ಚಿಕ್ಕವನಿದ್ದಾಗ ಪಂಚಮಿಗೆ ಅಕ್ಕ ಬಂಕಾಪುರದ ತನಕ ಬಸ್ಸಿನಲ್ಲಿ ಮಾವನ ಜೊತೆ ಬರುತ್ತಿದ್ದಳು. ಅಲ್ಲಿಂದ ಮುಂದೆ ಅಪ್ಪನ ಬಂಡಿ. ಅಕ್ಕನ ಮಡಿಲಲ್ಲಿ ಉಂಡಿಯ ಡಬ್ಬಿ, ಡಬ್ಬಿಯ ಮೇಲೆ ನನ್ನ ಗಲ್ಲ. ಶೇಂಗಾ ಉಂಡಿಯೋ ಎಳ್ಳುಂಡಿಯೋ ಎಂದು ಮುಚ್ಚಳದ ಮೇಲಿನಿಂದಲೇ ಮೂಸಿ ಹೇಳುವ ವಿದ್ಯೆ ಆಗ ನನಗಿತ್ತು. ಒಂದು ಸಲ ಹಳ್ಳದ ಏರಿನಲ್ಲಿ ಎತ್ತುಗಳು ನಿಂತುಬಿಟ್ಟವು. ಬಾರುಕೋಲಿಗೂ ಜಗ್ಗಲಿಲ್ಲ, ಮೈ ನಡುಗಿಸುತ್ತಿದ್ದವು. ಅಪ್ಪ ಕೆಳಗಿಳಿದು, ತಲೆಯ ಪಟಗಾ ತೆಗೆದು ಕೈಯಲ್ಲಿ ಹಿಡಿದು, ಬಂಡಿಯ ಹಿಂಭಾಗಕ್ಕೆ ಹೋಗಿ, ಮಾಮಲೇದಾರರ ಮುಂದೆ ಮಾತಾಡುವ ದನಿಯಲ್ಲಿ ಹೇಳಿದ: "ಯಾರದೀರಿ, ಇಳದ ಬಿಡ್ರಿ. ಎತ್ತು ದಣದಾವು." ಸ್ವಲ್ಪ ಹೊತ್ತು ಬಿಟ್ಟು ಪಟಗಾ ಸುತ್ತಿಕೊಂಡು ಹತ್ತಿದ. ಎತ್ತುಗಳು ಹಗುರಾಗಿ ಹೆಜ್ಜೆ ಹಾಕಿದವು. ಅಕ್ಕ ನನ್ನ ಕಣ್ಣು ಮುಚ್ಚಿ ಹಿಡಿದಿದ್ದಳು. ಅವಳು ಮಾತ್ರ ನೋಡುತ್ತಿದ್ದಳು. ಏನು ಕಂಡಿತೆಂದು ಎಷ್ಟು ಸಲ ಕೇಳಿದರೂ ಹೇಳಲಿಲ್ಲ. "ಉಂಡಿ ತಿನ್ನು" ಎಂದಳು.

ಅಪ್ಪನ ಬಂಡಿಗೆ ವಾರಂಟಿ ಇರಲಿಲ್ಲ. ನನ್ನದಕ್ಕಿತ್ತು. ಆದ್ದರಿಂದ ನಾನು ಪಟಗಾ ತೆಗೆಯದೆ ಶಿಗ್ಗಾಂವಿಯ ಸರ್ವಿಸ್ ಸೆಂಟರಿಗೆ ಹೋದೆ.

ಅಲ್ಲಿನ ಸೂಪರ್‌ವೈಸರ್ ಇಮ್ತಿಯಾಜ್, ಬಂಕಾಪುರದವನು, ಅದಬಿನ ಮನುಷ್ಯ. ಕುರ್ಚಿ ಹಾಕಿಸಿದ, ನೀರು ತರಿಸಿದ, ಕೇಳಿಕೊಂಡ. "ಸೀಟಿನ ಕೆಳಗ ಸೆನ್ಸಾರ್ ಇರತೈತ್ರಿ ಸಾಹೇಬ್ರ. ಭಾರ ಬಿತ್ತಂದ್ರ ಮಂದಿ ಕುಂತಾರ ಅಂತ ತಿಳಕೊಂತೈತಿ. ಅದು ಹುಚ್ಚ ಆಗೇತಿ, ಅಷ್ಟ." ಎರಡು ಗಂಟೆ ಗಾಡಿ ಚಾಲೂ ಇಟ್ಟುಕೊಂಡು ಕಾದರು. ಒದರಲಿಲ್ಲ. ಕಂಪನಿಯವರಿಗೆ ಕಾಯಿಲೆ ಕಣ್ಣಿಗೆ ಬೀಳದೆ ಔಷಧಿ ಕೊಡಲು ಬರುವುದಿಲ್ಲವಂತೆ. ಮತ್ತೊಂದು ದಿನ ಹೋದೆ, ಒದರಲಿಲ್ಲ. ಆ ಶೆಡ್ಡಿನೊಳಗೆ ಹೊಕ್ಕ ಕೂಡಲೇ ನನ್ನ ಕಾರು ಕಟಕಟೆಯಲ್ಲಿ ನಿಂತ ಸುಳ್ಳು ಸಾಕ್ಷಿಯ ಹಾಗೆ ಸಭ್ಯವಾಗಿಬಿಡುತ್ತಿತ್ತು.

"ಹಂಗಾರ ರೋಡಿಗೆ ಹೋಗೂಣ್ರಿ" ಎಂದ ಇಮ್ತಿಯಾಜ್. ಎಡಗಡೆ ಸೀಟು ಖಾಲಿ ಇರಬೇಕಾದ್ದರಿಂದ ಅವನು ಹಿಂದೆ ಕೂತ. ಹೈವೇಯಲ್ಲಿ ಗೊಟಗೋಡಿಯವರೆಗೆ ಹೋದೆವು. ಸುಮ್ಮನಿತ್ತು. ಗೊಟಗೋಡಿಯ ಶಿಲ್ಪಗಳ ತೋಟದಲ್ಲಿ ಸಿಮೆಂಟಿನ ಜನರಿದ್ದಾರೆ. ರೊಟ್ಟಿ ಬಡಿಯುವವರು, ಎಮ್ಮೆ ಹಿಂಡುವವರು, ಕಟ್ಟೆಯ ಮೇಲೆ ಹರಟುವವರು, ಎಲ್ಲ ಆಳೆತ್ತರ, ಬಣ್ಣ ಸಹಿತ, ಹಾಗೇ ನಿಂತುಬಿಟ್ಟವರು. ಮಕ್ಕಳಿಗೆ ಬಹಳ ಖುಷಿ. ನನಗೆ ಅವರೆಲ್ಲ ನಾವು ಬಂದದ್ದು ಕಂಡು ಮಾತು ನಿಲ್ಲಿಸಿದವರ ಹಾಗೆ ಕಾಣುತ್ತಾರೆ. ಅದರ ಗೋಡೆಯ ಪಕ್ಕ ಗಾಡಿ ತಿರುಗಿಸಿದೆ.

ಟಿಣ್.

ಫಲಕದಲ್ಲಿ ಕೆಂಪು ಚಿತ್ರ ಬೆಳಗಿತು.

"ಸೆನ್ಸಾರ್ ರೀ ಸಾಹೇಬ್ರ" ಎಂದ ಹಿಂದಿನಿಂದ.

"ಸೆನ್ಸಾರೇ" ಎಂದೆ.

"ಹಂಗಾರ ನೀವ್ಯಾಕ ಪಿಸುಪಿಸು ಮಾತಾಡಾಕತ್ತೀರಿ?"

"ನೀ ಯಾಕ ಪಿಸುಪಿಸು ಮಾತಾಡಾಕತ್ತೀಯಪಾ?"

ಕನ್ನಡಿಯಲ್ಲಿ ನೋಡಿದರೆ ಅವನ ತುಟಿಗಳು ಅಲುಗುತ್ತಿದ್ದವು. ಶಿಗ್ಗಾಂವಿ ಮುಟ್ಟಿ ಇಳಿದವನೇ ಸೆನ್ಸಾರ್ ಬದಲಿಸಲು ಬರೆದುಕೊಂಡ. "ಪಾರ್ಟ್ ಬಂತ್ರಿ ಸಾಹೇಬ್ರ" ಎಂದ.

ಇಲ್ಲಿ ನಮ್ಮ ಕಡೆಯ ವ್ಯಾಕರಣದ ಬಗ್ಗೆ ಒಂದು ಮಾತು ಹೇಳಬೇಕು. ಬೇರೆ ಸೀಮೆಗಳಲ್ಲಿ ‘ಬಂತು’ ಎಂದರೆ ಭೂತಕಾಲ, ಅಂದರೆ ಬಂದಾಗಿದೆ. ನಮ್ಮಲ್ಲಿ ಚಹಾ ಹೇಳಿ ಕೂತು, ಸಾಕಾಗಿ, "ಎಲ್ಲೆಪಾ?" ಎಂದರೆ "ಬಂತ್ರಿ" ಎನ್ನುತ್ತಾರೆ. ಅಂದರೆ ಹಾಲು ಇನ್ನೂ ಎಮ್ಮೆಯಲ್ಲಿದೆ. ಇಮ್ತಿಯಾಜನ ಸೆನ್ಸಾರು ಈ ಕಾಲದಲ್ಲಿ ಬಂತು. ಬೇಸಿಗೆಯಲ್ಲಿ ಬಂತ್ರಿ. ಮೊದಲ ಮಳೆಗೆ ಬಂತ್ರಿ. ನಡುವೆ ಒಮ್ಮೆ ಕಾರನ್ನು ಅವರ ಶೆಡ್ಡಿನಲ್ಲೇ ಬಿಟ್ಟಿದ್ದೆ, ಬಂದ ಕೂಡಲೇ ಹಾಕಲಿ ಎಂದು. ಹಾಗೆ ಬಿಟ್ಟ ದಿನಗಳಲ್ಲಿ ಅವನೇ ಒಂದು ಬೆಳಿಗ್ಗೆ ಫೋನು ಮಾಡಿದ.

"ಪಾರ್ಟ್ ಬಂತೇನಪಾ?"

"ಬಂತ್ರಿ. ಅದಲ್ಲ ಸಾಹೇಬ್ರ, ನಿಮ್ಮ ಗಾಡಿ ಒಯ್ತೀರೇನ್ರಿ? ನಮ್ಮ ಹುಡುಗ್ರು ಅದರ ಬಾಜೂಕ ಕುಂತು ಬುತ್ತಿ ಬಿಚ್ಚಾಕ ಒಲ್ಲೆ ಅಂತಾರ. ಅದು ಒದರಂಗಿಲ್ಲ, ಏನಿಲ್ಲ. ನೋಡತೈತಿ ಅಂತಾರ."

ಕಾರು ಮನೆಗೆ ಬಂತು. ನಿಜವಾದ ಭೂತಕಾಲದಲ್ಲಿ.

ಶ್ರಾವಣ ಹತ್ತಿರವಾದಂತೆ ಅಕ್ಕನ ಫೋನುಗಳು ಹೆಚ್ಚಾದವು. ಅವಳ ದನಿ ತೆಳ್ಳಗಾಗುತ್ತಿತ್ತು. ಒಂದು ವಾಕ್ಯದ ನಡುವೆ ಉಸಿರಿಗಾಗಿ ನಿಲ್ಲುತ್ತಿದ್ದಳು. "ಜೋಕಾಲಿ ಕಟ್ಟೀರೇನೋ?" ಎಂದು ಕೇಳುವಳು. ಬೇವಿನ ಮರಕ್ಕೆ ಹಗ್ಗ ಕಟ್ಟಿಸಿದ್ದೆ. ಗಿರಿಜಾ ಉಂಡಿ ಕಟ್ಟಿದ್ದಳು, ಹೊಸ ಸೀರೆ ತಂದಿದ್ದಳು. ಆದರೆ ಆ ಸೀಟಿನ ಮಾತು ಬಂದರೆ ಗೋಡೆಯಾಗುತ್ತಿದ್ದಳು.

"ಎದಿ ಬ್ಯಾನಿ ಇದ್ದ ಹೆಣ್ಣಮಗಳನ್ನ ಅದರೊಳಗ ಕುಂಡ್ರಸ್ತೀರೇನು? ಮ್ಯಾಲೆ ಯಾರ ಕುಂತಿರತಾರೋ ಏನೋ, ಅವರ ತೊಡಿ ಮ್ಯಾಲೆ?"

"ಸೆನ್ಸಾರು ಅದು."

"ಸೆನ್ಸಾರಿನ ತೊಡಿ ಮ್ಯಾಲೆ ಕುಂಡ್ರಸ್ರಿ ಹಂಗಾರ."

ಬೇರೆ ಗಾಡಿ ಬಾಡಿಗೆಗೆ ಹಿಡಿಯೋಣವೆಂದರೆ ಅಕ್ಕ ಫೋನಿನಲ್ಲೇ ತಿರಸ್ಕರಿಸಿದಳು. "ಆ ಗಾಡಿನ ತೊಗೊಂಬಾ. ಅದರೊಳಗ ಬರ್ತೇನಿ. ಬ್ಯಾರೇದ್ರಾಗ ಒಲ್ಲೆ." ಯಾಕೆಂದು ಕೇಳಿದರೆ ಇಟ್ಟುಬಿಟ್ಟಳು.

ರೊಟ್ಟಿ ಪಂಚಮಿಯ ದಿನ, ಅಂದರೆ ಹಬ್ಬದ ಹಿಂದಿನ ಬೆಳಿಗ್ಗೆ, ಗಿರಿಜಾ ಬಾಗಿಲಲ್ಲಿ ಬೆನ್ನು ಮಾಡಿ ನಿಂತಿರುವಾಗಲೇ ಹೊರಟೆ. ಊರ ಹೊರಗೆ ಬರುತ್ತಲೇ ಶುರುವಾಯಿತು. ಬೆಲ್ಟು ಕಟ್ಟಲಿಲ್ಲ, ಮಾತು ಕೊಟ್ಟಿದ್ದೆ. ಬಂಕಾಪುರ ಇನ್ನೂ ಮುಂದಿತ್ತು. ಸಣ್ಣ ಮಳೆ ಹಿಡಿದಿತ್ತು. ಒಂದೇ ಸಮನೆ ಟಿಣ್ ಟಿಣ್. ಅಪ್ಪನ ಎತ್ತುಗಳು ನಿಂತಿದ್ದ ಅದೇ ಹಳ್ಳದ ಏರಿನ ಹತ್ತಿರ ನನಗೆ ತಡೆಯಲಾಗಲಿಲ್ಲ. ಗಾಡಿ ನಿಲ್ಲಿಸಿ, ತಲೆಯ ಮೇಲೆ ಟೋಪಿಯೂ ಇಲ್ಲದ್ದರಿಂದ ಕನ್ನಡಕ ತೆಗೆದು ಕೈಯಲ್ಲಿ ಹಿಡಿದು, ಖಾಲಿ ಸೀಟಿನ ಕಡೆ ತಿರುಗಿ ಹೇಳಿದೆ:

"ಯಾರದೀರಿ, ಇಳದ ಬಿಡ್ರಿ. ಅಕ್ಕನ್ನ ಕರ್ಯಾಕ ಹೊಂಟೇನಿ."

‘ಅಕ್ಕ’ ಅನ್ನುವಾಗ ಒದರುವುದು ನಿಂತಿತು. ವೈಪರು ಒಮ್ಮೆ ಹೋಗಿ ಬಂತು. ಮತ್ತೆ ಶುರುವಾಯಿತು, ಈ ಸಲ ತುಸು ಅವಸರದಿಂದ, ನಡಿ ನಡಿ ಎನ್ನುವಂತೆ. ಕನ್ನಡಕ ಹಾಕಿಕೊಂಡು ನಡೆದೆ.

ಅಕ್ಕ ಹೊಸಿಲಲ್ಲಿ ಗಂಟು ಕಟ್ಟಿಕೊಂಡು ಕೂತಿದ್ದಳು, ಬೆಳಗಿನಿಂದ. ಮೊಮ್ಮಕ್ಕಳು ಎರಡೂ ಕಡೆ ಹಿಡಿದು ತಂದು ಎಡಗಡೆ ಸೀಟಿನಲ್ಲಿ ಕೂರಿಸಿದರು. ಹಗುರಾಗಿ ಹೋಗಿದ್ದಳು. ಬೆಲ್ಟು ಎಳೆಯಲು ಹೋದರೆ "ಎದಿ ಮ್ಯಾಲೆ ಹಗ್ಗ ಬ್ಯಾಡ" ಎಂದಳು. ಕಾನೂನು ಬಲ್ಲವನು ಕಾನೂನು ಮುರಿದು ಗಾಡಿ ಚಾಲೂ ಮಾಡಿದೆ. ಒದರುವುದಕ್ಕೆ ಈಗ ಅದಕ್ಕೆ ನ್ಯಾಯವಾದ ಕಾರಣವಿತ್ತು, ಕಾದೆ.

ಒದರಲಿಲ್ಲ. ಕೆಂಪು ಚಿತ್ರವೂ ಬೆಳಗಲಿಲ್ಲ.

ಹಿರೇಕೆರೂರು ದಾಟಿತು. ಫಲಕ ಕಪ್ಪಗೆ ಶಾಂತವಾಗಿತ್ತು. ಯಾರೂ ಇಲ್ಲದಾಗ ಇದ್ದಾರೆ ಎನ್ನುತ್ತಿದ್ದ ಗಾಡಿ, ಅಕ್ಕ ಕೂತ ಮೇಲೆ ಅಲ್ಲಿ ಯಾರೂ ಇಲ್ಲ ಎನ್ನುತ್ತಿತ್ತು. ತಟ್ಟನೆ ಎಡಕ್ಕೆ ನೋಡಿದೆ. ಕಣ್ಣು ಮುಚ್ಚಿತ್ತು, ಬಾಯಿ ತುಸು ತೆರೆದಿತ್ತು, ತಲೆ ಕಿಟಕಿಯ ಕಡೆ ವಾಲಿತ್ತು.

"ಅಕ್ಕಾ."

ಇಲ್ಲ.

"ಅಕ್ಕಾ!"

"ಹೂಂ."

ಒಂದು ಮೈಲಿ ಹೋಗಿರಬಹುದು. "ಅಕ್ಕಾ?"

"ಹೂಂ, ಅಂದೆನಲ್ಲೋ."

ಹಾನಗಲ್ಲಿನವರೆಗೂ ಹೀಗೇ. ಬೆಳೆ ಹೇಗಿದೆ, ಸೊಸೆ ಹೇಗಿದ್ದಾಳೆ, ಕಿಟಕಿ ಏರಿಸಲೋ ಇಳಿಸಲೋ. ಕೋರ್ಟಿನಲ್ಲಿ ಯಾವ ಸಾಕ್ಷಿಯನ್ನೂ ನಾನು ಇಷ್ಟು ಪ್ರಶ್ನೆ ಕೇಳಿಲ್ಲ. ಕೊನೆಗೆ ಅಕ್ಕ ಕಣ್ಣು ತೆರೆಯದೆ ಹೇಳಿದಳು.

"ಯಾಕೋ, ಸತ್ತೇನಿ ಅಂತ ತಿಳದೇನು? ಸುಮ್ನ ಗಾಡಿ ಹೊಡಿ. ಪಂಚಮಿ ಮಾಡಲಾರದ ಸಾಯಂಗಿಲ್ಲ."

ಸವಣೂರು ಮುಟ್ಟಿದಾಗ ಮಳೆ ನಿಂತಿತ್ತು. ಗಿರಿಜಾ ಬಾಗಿಲಿಗೆ ಬಂದು, ಅಕ್ಕನನ್ನು ಆ ಸೀಟಿನಲ್ಲಿ ಕಂಡು ಬಾಯಿಗೆ ಸೆರಗು ಒತ್ತಿಕೊಂಡಳು. ಆಮೇಲೆ ಕಾಲಿಗೆ ನೀರು ಹಾಕಿದಳು, ಆರತಿ ತಂದಳು. ಅಕ್ಕ ಹೊಸಿಲು ದಾಟಲಿಲ್ಲ. ಅಲ್ಲೇ ನಿಂತು ಕೇಳಿದಳು.

"ಗಿರಿಜಾ, ಉಡಿ ಅಕ್ಕಿ ಏನ್ ಮಾಡಿದೆ?"

"ಯಾವ ಉಡಿ ಅಕ್ಕಿರೀ ಅಕ್ಕಾರ?"

"ಗಾಡಿಗೆ ತುಂಬಿದ್ನಲ್ಲ. ಕುಂಡ್ರೂ ಗಾದಿ ಕೆಳಗ ಸಂದಿಯೊಳಗ ಇಟ್ಟಿದ್ದೆ. ನೋಡಿಲ್ಲೇನು?"

ಗಿರಿಜಾ ನನ್ನ ಮುಖ ನೋಡಿದಳು, ನಾನು ಕಾರಿನ ಮುಖ ನೋಡಿದೆ. ಗಿರಿಜಾ ಹೋಗಿ ಎಡಗಡೆ ಸೀಟಿನ ಕೆಳಗೆ ಕೈಹಾಕಿ, ಗಾದಿಯ ಸಂದಿಯಲ್ಲಿ ಆಳಕ್ಕೆ ತಡಕಿದಳು. ಹಸಿರು ಖಣದ ಗಂಟು ಬಂತು. ಬಿಚ್ಚಿದರೆ ಅರಿಶಿನದ ಅಕ್ಕಿ, ಒಣಕೊಬ್ಬರಿಯ ಬಟ್ಟಲು, ಅರಿಶಿನ ಕೊಂಬು, ಅಡಿಕೆ. ಸವಣೂರಿನ ವೀಳ್ಯದೆಲೆಯೇ ಇರಬೇಕು, ಪುಡಿಯಾಗಿತ್ತು. ಅಕ್ಕಿಯಲ್ಲಿ ನುಸಿ ಓಡಾಡುತ್ತಿದ್ದವು. ಮನೆಯಿಂದ ಹೊರಡುವ ಹೆಣ್ಣುಮಗಳ ಮಡಿಲಿಗೆ ಹಾಕಿ ಕಳಿಸುವ ಉಡಿ. ಅದನ್ನು ಅಕ್ಕ ಯುಗಾದಿಯ ನಂತರದ ಆ ದಿನ, ನಾನು ಉಪ್ಪಿಟ್ಟು ತಿನ್ನುವಾಗ, ಕಾರಿನ ಮಡಿಲಿಗೆ ತುಂಬಿದ್ದಳು.

"ಹೇಳಬಾರದೇನಕ್ಕಾ?"

"ಹೇಳಿದ್ರ ನಕ್ಕೊಂತ ಜಾಡಿಸಿ ಒಗೀತಿದ್ದಿ." ಅಕ್ಕ ಬಾಗಿಲ ಚೌಕಟ್ಟು ಹಿಡಿದುಕೊಂಡಳು. "ನಿಮ್ಮ ಮಾವ ಹೋದ ಮ್ಯಾಲೆ ನನ್ನ ಕೈಲೆ ಯಾರೂ ಉಡಿ ತುಂಬಿಸಿಕೊಳ್ಳಂಗಿಲ್ಲ. ಮೊಮ್ಮಗಳು ಗಂಡನ ಮನಿಗೆ ಹೋಗೂ ಮುಂದ ನನ್ನ ಒಳಗಿನ ಖೋಲ್ಯಾಗ ಕುಂಡ್ರಿಸಿದ್ರು. ಈಕಿ ಕಬ್ಬಿಣದಾಕಿ, ಈಕೀದೇನ ಹೋಕ್ಕೈತಿ? ತುಂಬಿದೆ. ಉಡಿ ತುಂಬಿಸಿಕೊಂಡು ಹೋದಾಕಿ ತಿರುಗಿ ಬರಬೇಕು. ಬಂದ್ಲು. ನನ್ನ ಕರಕೊಂಡು ಬಂದ್ಲು."

"ಇಷ್ಟ ದಿನ ಒದರತಿತ್ತಕ್ಕಾ."

"ಒದರಲಾರದ ಏನ್ ಮಾಡ್ತಾಳೋ? ಉಡಿ ತುಂಬಿಕೊಂಡು ಕುಂತಾಳ, ನೀವು ನನ್ನ ಕರ್ಯಾಕ ಬರಂಗಿಲ್ಲ."

ನಾಗಪ್ಪನಿಗೆ ಹಾಲೆರೆದದ್ದಾಯಿತು. ಜೋಕಾಲಿಯಲ್ಲಿ ಅಕ್ಕನನ್ನು ಕೂರಿಸಿ ಗಿರಿಜಾ ಮೆಲ್ಲಗೆ ತೂಗಿದಳು. ಹಗ್ಗ ಹಿಡಿದ ಕೈಗಳು ಹಗ್ಗದಷ್ಟೇ ಇದ್ದವು. ಮರುದಿನ ಗಿರಿಜಾ ಆ ಅಕ್ಕಿಯನ್ನು ಹಸನು ಮಾಡಿ, ತೊಳೆದು, ಬೆಲ್ಲದ ಅನ್ನ ಮಾಡಿ ಎಲ್ಲರಿಗೂ ಬಡಿಸಿದಳು. ಹಳೆ ವಾಸನೆ ಇತ್ತು. ಯಾರೂ ಬಿಡಲಿಲ್ಲ.

ಕೆಲವು ದಿನ ಇದ್ದು ಅಕ್ಕ ಹೊರಟಳು. ಓಣಿಯ ಹೆಣ್ಣುಮಕ್ಕಳು ನೆರೆದಿದ್ದರು. ಗಿರಿಜಾ ಒಳಗಿನಿಂದ ಮೊರದಲ್ಲಿ ಅಕ್ಕಿ, ಕೊಬ್ಬರಿ, ಹಸಿರು ಖಣ ಇಟ್ಟುಕೊಂಡು ಬಂದು ಅಕ್ಕನ ಮುಂದೆ ನಿಂತಾಗ ಓಣಿ ಉಸಿರು ಹಿಡಿಯಿತು.

"ಏ ಹುಚ್ಚಿ, ನನಗಲ್ಲ" ಎಂದು ಅಕ್ಕ ಸೆರಗು ಹಿಂದಕ್ಕೆಳೆದುಕೊಂಡಳು.

"ಸೆರಗ ಒಡ್ರಿ ಅಕ್ಕಾರ. ಕಬ್ಬಿಣದಾಕಿಗೆ ನಡೀತದ, ನಿಮಗ ನಡ್ಯಂಗಿಲ್ಲೇನು?"

ಬಹಳ ಹೊತ್ತಾದ ಮೇಲೆ ಅಕ್ಕ ಸೆರಗು ಒಡ್ಡಿದಳು. ಗಿರಿಜಾ ತುಂಬಿದಳು. "ಮತ್ತ ಬರಬೇಕ್ರಿ" ಎಂದಳು.

"ಉಡಿ ತುಂಬೀದಿ. ಬರಲಾರದ ಎಲ್ಲಿಗೆ ಹೋಗ್ಲಿ? ಬರ್ತೇನಿ."

ಕಾರು ಅವತ್ತೂ ಒದರಲಿಲ್ಲ, ಆಮೇಲೂ ಒದರಲಿಲ್ಲ. ಇಮ್ತಿಯಾಜನಿಗೆ ಗಂಟಿನ ಸಂಗತಿ ಹೇಳಿದೆ. ನಕ್ಕ, ಆಮೇಲೆ ನಗು ಹಿಂದಕ್ಕೆ ತೆಗೆದುಕೊಂಡ. "ಇದನ್ನ ಕಂಪನಿಗೆ ಹೇಳಬ್ಯಾಡ್ರಿ. ಸೀಟಿನ್ಯಾಗ ಹೊರಗಿನ ವಸ್ತು ಇತ್ತಂದ್ರ ವಾರಂಟಿ ಕೊಡಂಗಿಲ್ರಿ." ಉಡಿಯು ಹೊರಗಿನ ವಸ್ತು ಹೇಗಾಗುತ್ತದೆ ಎಂದು ನಾನು ವಾದಕ್ಕೆ ಸಿದ್ಧನಾಗುತ್ತಿದ್ದೆ. ಅವನು ಮುಂದುವರಿಸಿದ. "ಮತ್ತ ಒಂದ ಮಾತ್ರಿ ಸಾಹೇಬ್ರ. ನಾಕ ಬೊಗಸಿ ಅಕ್ಕಿಗೆ ಅದು ಒದರಂಗಿಲ್ಲ. ಒಂದು ಮನಶ್ಯಾನ ಭಾರ ಬೇಕಾಕ್ಕೈತ್ರಿ." ಪಾರ್ಟಿನ ಆರ್ಡರು ಹಾಗೇ ಇರಲಿ ಎಂದೆ. "ಬಂತ್ರಿ" ಎಂದ.

ಮಾಗಿಯ ಚಳಿಯಲ್ಲಿ ಅಕ್ಕ ತೀರಿಕೊಂಡಳು. ಹಿರೇಕೆರೂರಿಗೆ ಹೋಗಿ ಮಣ್ಣು ಮಾಡಿ, ಇಳಿಬಿಸಿಲಿನಲ್ಲಿ ನಾನೂ ಗಿರಿಜಾಳೂ ತಿರುಗಿ ಹೊರಟೆವು. ಅವಳು ರೂಢಿಯಂತೆ ಹಿಂದೆ ಕೂತಿದ್ದಳು. ಊರ ಅಗಸಿ ಬಾಗಿಲು ದಾಟುತ್ತಿದ್ದಂತೆ, ಪಂಚಮಿಯಿಂದ ಸುಮ್ಮನಿದ್ದ ಕಾರು ಒಮ್ಮೆ ಟಿಣ್ ಎಂದಿತು. ಕೆಂಪು ಚಿತ್ರ ಬೆಳಗಿತು. ಮತ್ತೆ ಟಿಣ್. ನಾನು ಹಾದಿ ನೋಡುತ್ತ ಗಾಡಿ ಹೊಡೆದೆ. ಕನ್ನಡಿ ನೋಡುವ ಧೈರ್ಯವಾಗಲಿಲ್ಲ. ಹಿಂದಿನಿಂದ ಬಳೆಯ ಸಪ್ಪಳವಾಯಿತು. ಗಿರಿಜಾ ಸೀಟುಗಳ ನಡುವೆ ಬಗ್ಗಿ, ಕೈ ಚಾಚಿ, ಎಡಗಡೆಯ ಬೆಲ್ಟು ಎಳೆದು, ಎದೆಗೆ ಬಿಗಿಯಾಗದಂತೆ ಸ್ವಲ್ಪ ಸಡಿಲ ಬಿಟ್ಟು ಕೊಂಡಿ ಹಾಕಿದಳು. ಸವಣೂರಿನಲ್ಲಿ ಮನೆ ಮುಂದೆ ಅವಳೇ ಮೊದಲು ಇಳಿದು, ಎಡಗಡೆಯ ಬಾಗಿಲು ತೆರೆದು, ಬೆಲ್ಟು ಬಿಚ್ಚಿ, ಒಳಗೆ ಹೋಗಿ ಕಾಲಿಗೆ ನೀರು ತಂದಳು.

ಮುಂದಿನ ವಾರ ಇಮ್ತಿಯಾಜ್ ಫೋನು ಮಾಡಿದ. "ಸಾಹೇಬ್ರ, ಪಾರ್ಟ್ ಬಂತ್ರಿ." ಆಯಿತಪ್ಪಾ ಎಂದು ಇಟ್ಟೆ. ಮತ್ತೆ ಮಾಡಿದ. "ಇಲ್ರೀ, ಖರೇನ ಬಂದೈತ್ರಿ. ಕೈಯಾಗ ಹಿಡಕೊಂಡು ನಿಂತೇನಿ."

ವಾರಂಟಿಯಲ್ಲೇ ಹಾಕಿಕೊಟ್ಟರು. ಸೀಟು ಈಗ ಸರಿಯಾಗಿದೆ. ಖಾಲಿ ಇದ್ದಾಗ ಒದರುವುದಿಲ್ಲ.